ತೆರೆಯ ಚಿತ್ರ ಅಚ್ಚಿಗಿಳಿಯುವ ಬಗೆ

ಮುದ್ರಣಾಲಯದ ಯಂತ್ರಘೋಷದಿಂದ ತುಸು ದೂರದಲ್ಲಿ, ಗಣಕದ ಮುಂದೆ ಕುಳಿತು ಏಕಾಗ್ರತೆಯಿಂದ ಮಾಡತಕ್ಕ ಕಾರ್ಯವೊಂದುಂಟು. ವೃತ್ತಿಯವರು ಅದನ್ನು ಪ್ರೀಪ್ರೆಸ್ ಎನ್ನುತ್ತಾರೆ. ಜಾತ್ರೆಯ ಆಹ್ವಾನಪತ್ರವಾಗಲಿ, ಶಾಲೆಯ ಶತಮಾನೋತ್ಸವದ ಸ್ಮರಣ ಸಂಚಿಕೆಯಾಗಲಿ, ಹಿರಿಯರೊಬ್ಬರ ಅಭಿನಂದನ ಗ್ರಂಥವಾಗಲಿ, ಅದರ ಚಿತ್ರಗಳ ಯೋಗ್ಯತೆಯು ಬಹುಮಟ್ಟಿಗೆ ಇಲ್ಲಿಯೇ ನಿರ್ಣಯವಾಗುತ್ತದೆ. ಮುದ್ರಕರ ಹೆಸರು ಪುಸ್ತಕದಲ್ಲಿ ಬರುವುದುಂಟು. ಈ ಕುಶಲಿಯ ಹೆಸರು ಕಾಣಿಸುವುದು ಅಪೂರ್ವ.

ಈಗ ಚಿತ್ರಗಳು ಒದಗುವುದು ಬಹುತೇಕ ಅಂತರ್ಜಾಲದಿಂದ, ಇಲ್ಲವೇ ಮೊಬೈಲ್ ಸಂದೇಶದ ಮೂಲಕ. ತೆರೆಯ ಮೇಲೆ ಥಳಥಳಿಸಿದ್ದು ಕಾಗದದ ಮೇಲೂ ಹಾಗೆಯೇ ಮೂಡೀತೆಂಬ ನಂಬಿಕೆ ಸಹಜವೇ ಸರಿ. ಆದರೆ ಆರ್ಟ್ ಪೇಪರಿನ ಮೇಲೆ ಇಂಚಿಗೆ 150 ಚುಕ್ಕೆಸಾಲುಗಳಂತೆ ಅಚ್ಚು ಮಾಡುವಾಗ ಚಿತ್ರದಲ್ಲಿ ಇಂಚಿಗೆ ಅದರ ಇಮ್ಮಡಿ, ಎಂದರೆ 300 ಬಿಂದುಗಳು ಇರಬೇಕೆಂಬುದು ರೂಢಿಯಾದ ಲೆಕ್ಕ. ಆದುದರಿಂದ ಅಗಲದಲ್ಲಿ 1200 ಬಿಂದುಗಳುಳ್ಳ ಚಿತ್ರವು ನಾಲ್ಕು ಇಂಚಿಗೆ ಮಾತ್ರ ಸಾಕಾಗುತ್ತದೆ. ಅದಕ್ಕಿಂತ ಹಿಗ್ಗಿಸಿದರೆ ಯಂತ್ರವು ನೆರೆಯ ಬಿಂದುಗಳನ್ನು ನೋಡಿ ನಡುವಣದ್ದನ್ನು ಊಹಿಸಿ ತುಂಬುತ್ತದೆ. ಅಜ್ಜಿಯ ಕೆನ್ನೆಯ ಸುಕ್ಕನ್ನು ಆ ಊಹೆಯು ಮರಳಿ ತರಲಾರದು. ಜೆಪೆಗ್ ರೂಪವಂತೂ ಚಿತ್ರವನ್ನು ಎಂಟೆಂಟು ಬಿಂದುಗಳ ಚೌಕಗಳಾಗಿ ವಿಭಾಗಿಸಿ, ಕಣ್ಣು ಅಷ್ಟಾಗಿ ಗಮನಿಸದ ಸೂಕ್ಷ್ಮಗಳನ್ನು ಕೈಬಿಟ್ಟು ಗಾತ್ರವನ್ನು ಕುಗ್ಗಿಸತಕ್ಕದ್ದು. ತಿದ್ದಿ ಉಳಿಸಿದಾಗಲೆಲ್ಲ ಮತ್ತಷ್ಟು ನಷ್ಟ. ಆದಕಾರಣ ಚಿತ್ರವನ್ನು ತಿದ್ದತೊಡಗುವ ಮುನ್ನವೇ ಅದನ್ನು 1986ರಲ್ಲಿ ಆಲ್ಡಸ್ ಸಂಸ್ಥೆ ಹೊರತಂದ ಟಿಫ್ ರೂಪಕ್ಕೆ ತಂದು, ನಷ್ಟವಿಲ್ಲದ ಸಂಕೋಚನದಲ್ಲಿ ಉಳಿಸುವುದು ಒಳ್ಳೆಯ ಪದ್ಧತಿ. ಆದರೆ ಟಿಫ್ ಮಾಡಿದ ಮಾತ್ರಕ್ಕೆ ಹಿಂದೆ ಕಳೆದುಹೋದದ್ದು ಬಂದು ಸೇರುವುದಿಲ್ಲ; ಅದನ್ನು ಗಿರಾಕಿಗೆ ಮೊದಲೇ ತಿಳಿಸಿ, ಕ್ಯಾಮೆರಾದ ಮೂಲ ಕಡತವನ್ನೇ ತರಿಸಿಕೊಳ್ಳುವ ಕೆಲಸಗಾರನನ್ನು ನಾನು ಬಹುವಾಗಿ ಗೌರವಿಸುತ್ತೇನೆ.

ವರ್ಣದ ಸಂಗತಿ ಇನ್ನೂ ಜಟಿಲ. ತೆರೆಯು ಕೆಂಪು, ಹಸಿರು, ನೀಲಿ ಬೆಳಕುಗಳನ್ನು ಬೆರೆಸಿ ತೋರಿಸಿದರೆ, ಅಚ್ಚು ಸಯಾನ್, ಮೆಜೆಂಟಾ, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಿಂದಲೇ ಎಲ್ಲವನ್ನೂ ಸಾಧಿಸಬೇಕು. ಗಿಳಿಹಸಿರು ರೇಷ್ಮೆಸೀರೆಯ ಹೊಳಪು ಈ ನಾಲ್ಕರ ವ್ಯಾಪ್ತಿಗೆ ಪೂರ್ತಿ ನಿಲುಕುವುದಿಲ್ಲ. ಗಾಢ ನೀಲಿಯು ನೇರಳೆಯತ್ತ ವಾಲುತ್ತದೆ, ಅದನ್ನು ತಡೆಯಲು ಮೆಜೆಂಟಾವನ್ನು ಕೈಯಾರೆ ತಗ್ಗಿಸಬೇಕಾಗುತ್ತದೆ. ಕಾಗದದ ಸ್ವಭಾವವನ್ನೂ ಅರಿತಿರಬೇಕು: ಹೀರಿಕೊಳ್ಳುವ ನ್ಯೂಸ್‌ಪ್ರಿಂಟಿಗೆ ನಾಲ್ಕು ಶಾಯಿಗಳ ಒಟ್ಟು ಮೊತ್ತವನ್ನು ಶೇಕಡಾ 240ರ ಆಸುಪಾಸಿನಲ್ಲಿ ನಿಲ್ಲಿಸದಿದ್ದರೆ ನೆರಳುಗಳೆಲ್ಲ ಒಂದೇ ಕಪ್ಪಾಗಿ, ಹಿಂಬದಿಗೂ ಇಳಿದಾವು.

ಕನ್ನಡದ ಮಟ್ಟಿಗೆ ವಿಶೇಷ ಎಚ್ಚರ ಬೇಕಾದದ್ದು ಅಕ್ಷರಗಳಲ್ಲಿ. ಚಿತ್ರದೊಳಗೇ ಬರಹವನ್ನು ಬೆರೆಸಿ ಕಳಿಸಿದಾಗ, ತೆರೆಯ ಕಪ್ಪು ನಾಲ್ಕು ಶಾಯಿಗಳಾಗಿ ಒಡೆಯುತ್ತದೆ. ಒಂದು ಪ್ಲೇಟು ಕೂದಲೆಳೆಯಷ್ಟು ಸರಿದರೂ ‘ರಾಷ್ಟ್ರ’ದ ಕೆಳಗಿನ ಎರಡು ಒತ್ತುಗಳು ಒಂದಕ್ಕೊಂದು ಅಂಟಿ, ಅಂಚಿನಲ್ಲಿ ಬಣ್ಣದ ಗೆರೆ ಇಣುಕುತ್ತದೆ. ಆದುದರಿಂದ ಬರಹವನ್ನು ಬೇರ್ಪಡಿಸಿ, ಹೊಸದಾಗಿ ಅಕ್ಷರ ಜೋಡಿಸಿ, ಕೇವಲ ಕಪ್ಪು ಶಾಯಿಯಲ್ಲಿ ಅಚ್ಚಾಗುವಂತೆ ಇರಿಸತಕ್ಕದ್ದು.

ಸಂಘದ ಲಾಂಛನದ ಪಾಡೂ ಇದೇ. ಜಾಲತಾಣದಿಂದ ಇಳಿಸಿಕೊಂಡ ಹೆಬ್ಬೆರಳುಗಾತ್ರದ ಗಂಡಭೇರುಂಡವನ್ನು ಬ್ಯಾನರಿಗೆ ಹಿಗ್ಗಿಸಿದರೆ ರೆಕ್ಕೆಗಳ ತುದಿ ಮೆಟ್ಟಿಲುಮೆಟ್ಟಿಲಾಗುತ್ತದೆ. ತಾನಾಗಿ ರೇಖೆಯಾಗಿಸುವ ಸೌಲಭ್ಯವು ತಂತ್ರಾಂಶಗಳಲ್ಲಿದೆಯಾದರೂ ಅದು ಕಲೆಯನ್ನೂ ಗರಿಯನ್ನೂ ಒಂದೇ ಎಂದೆಣಿಸುತ್ತದೆ. ಬಲ್ಲ ಕೆಲಸಗಾರನಾದರೋ ಪೆನ್ ಸಾಧನದಿಂದ ಒಂದೊಂದೇ ಬಿಂದುವನ್ನು ನೆಟ್ಟು, ಗರಿಯ ಬಾಗಿಗೆ ತಕ್ಕಂತೆ ವಕ್ರರೇಖೆಯನ್ನು ಎಳೆದು, ಇಡೀ ಪಕ್ಷಿಯನ್ನು ಮರಳಿ ಬರೆಯುತ್ತಾನೆ. ಹಾಗೆ ಬರೆದುದನ್ನು ಇಪಿಎಸ್ ಆಗಿಯೋ ಪಿಡಿಎಫ್ ಆಗಿಯೋ ಉಳಿಸಿಟ್ಟರೆ ಅಂಚೆಚೀಟಿಯಿಂದ ಮಹಾದ್ವಾರದವರೆಗೆ ಯಾವ ಅಳತೆಗೂ ಒದಗುತ್ತದೆ.

ಕೊನೆಗೆ, ಅಂಚಿನವರೆಗೆ ಚಿತ್ರವಿರುವ ಪುಟಕ್ಕೆ ಕತ್ತರಿಸಲೆಂದು ಸುತ್ತಲೂ 3 ಮಿಲಿಮೀಟರು ಹೆಚ್ಚುವರಿ ಚಿತ್ರವನ್ನಿರಿಸಿ, ಫಾಂಟುಗಳನ್ನು ಕಡತದೊಳಗೆ ಸೇರಿಸಿ, ಪ್ರೂಫ್ ತೆಗೆದು ಸಂಪಾದಕರ ಸಹಿ ಪಡೆದ ಮೇಲೆಯೇ ಅದನ್ನು ಪ್ಲೇಟಿಗೆ ಕಳುಹಿಸುತ್ತಾರೆ.