ಆಟ ಮುಗಿದ ಮೇಲಿನ ಅರ್ಧ ಗಂಟೆ

ವಸ್ತ್ರಾಪುರ ಅಂದಕೂಡಲೆ ನಮ್ಮ ಕಡೆಯವರಿಗೆ ದ್ರೌಪದಿಯ ವಸ್ತ್ರಾಪಹರಣ ನೆನಪಾಗುತ್ತದೆ. ಹಾಗೇನೂ ಇಲ್ಲ. ಅಹಮದಾಬಾದಿನ ಪಶ್ಚಿಮಕ್ಕೆ ಒಂದು ಕೆರೆ, ಕೆರೆಯ ಸುತ್ತ ಬೆಳೆದ ಬಡಾವಣೆ, ಅಷ್ಟೆ. ವರ್ಷದ ಹತ್ತು ತಿಂಗಳು ಇಲ್ಲಿ ನೆಮ್ಮದಿ. ಯುಗಾದಿ ಹತ್ತಿರ ಬಂತೆಂದರೆ ಧಾರವಾಡದಿಂದ ಫೋನು ಶುರು: "ಕಾಕಾ, ಮ್ಯಾಚ್ ನೋಡಾಕ ಬರಾಕತ್ತೀವಿ. ನಾಲ್ಕ ಮಂದಿ ಅದೀವಿ."

ವಸಂತದಲ್ಲಿ ಬೇರೆ ಊರುಗಳಿಗೆ ಜನ ಹೂ ನೋಡಲು ಹೋದರೆ, ನಮ್ಮೂರಿಗೆ ಐಪಿಎಲ್ ನೋಡಲು ಬರುತ್ತಾರೆ. ಮೊಟೇರಾದ ಹಳೆಯ ಕ್ರೀಡಾಂಗಣವನ್ನು ಕೆಡವಿ ಕಟ್ಟಿದ ಹೊಸದು ೨೦೨೦ರಲ್ಲಿ ತೆರೆಯಿತು. ೨೦೨೧ರಿಂದ ಅದಕ್ಕೆ ನರೇಂದ್ರ ಮೋದಿ ಕ್ರೀಡಾಂಗಣವೆಂದು ಹೆಸರು. ಆಸನಗಳು ೧,೩೨,೦೦೦. ದೊಡ್ಡದೊಂದು ತಾಲೂಕು ಪಟ್ಟಣವೇ ಎದ್ದು ಬಂದು ಒಂದೇ ರಾತ್ರಿ ಒಂದೇ ಕಡೆ ಕೂತಂತೆ. ಆ ದಿನ ರಿಕ್ಷಾದವನು ಕೇಳಿದ್ದೇ ದರ.

ಮಂದಿಯನ್ನು ಬಯ್ಯುವುದು ಸುಲಭ. ಅದರ ಲೆಕ್ಕ ತಿಳಿದುಕೊಂಡರೆ ಹೆಚ್ಚು ಉಪಯೋಗ. ಬರುವಾಗ ಜನ ಮೂರು ನಾಲ್ಕು ತಾಸುಗಳಲ್ಲಿ ಹಂಚಿಹೋಗಿ ಬರುತ್ತಾರೆ. ಹೊರಡುವಾಗ ಮಾತ್ರ ಎಲ್ಲರೂ ಒಂದೇ ನಿಮಿಷಕ್ಕೆ ಏಳುತ್ತಾರೆ. ಮೆಟ್ರೋ ಇದೆಯಲ್ಲ ಅನ್ನಬಹುದು. ಇದೆ, ೨೦೨೨ರಿಂದ ಮೊಟೇರಾ ತನಕ ಓಡುತ್ತದೆ. ಮೂರು ಬೋಗಿಯ ಗಾಡಿ ಸಾವಿರ ಜನರನ್ನು ಹೊರುತ್ತದೆ, ಆರು ನಿಮಿಷಕ್ಕೊಂದು ಬರುತ್ತದೆ ಅಂತ ಇಟ್ಟುಕೊಳ್ಳಿ. ತಾಸಿಗೆ ಹತ್ತು ಸಾವಿರ ಆಯಿತು. ತುಂಬಿದ ಕ್ರೀಡಾಂಗಣದ ಕಾಲುಭಾಗದ ಜನ ಮೆಟ್ರೋ ಹಿಡಿಯಹೋದರೂ ಮೂರು ತಾಸಿಗೂ ಮೇಲೆ ಬೇಕು. ನೂಕಿದರೆ ಗಾಡಿ ಬೇಗ ಬರುವುದಿಲ್ಲ. ಹಾಗಾಗಿ ನಮ್ಮ ಮನೆಯ ಅತಿಥಿಗಳಿಗೆ ಮೊದಲ ನಿಯಮ: ಆಟ ಮುಗಿದ ಮೇಲೆ ಅರ್ಧ ಗಂಟೆ ಕೂತಲ್ಲೇ ಕೂತಿರಿ.

೨೦೨೫ರ ಜೂನ್ ೩ರಂದು ಆರ್‌ಸಿಬಿ ಮೊದಲ ಸಲ ಕಪ್ ಗೆದ್ದದ್ದು ಇದೇ ಮೊಟೇರಾದಲ್ಲಿ, ಪಂಜಾಬಿನ ಮೇಲೆ ಆರು ರನ್ನುಗಳಿಂದ. ನಮ್ಮ ಹುಡುಗರು ಮನೆ ಮುಟ್ಟಿದಾಗ ನಡುರಾತ್ರಿ ಎಂದೋ ದಾಟಿತ್ತು. ಕೂಗಿ ಕೂಗಿ ಗಂಟಲು ಕಟ್ಟಿತ್ತು, ಕಣ್ಣಲ್ಲಿ ನೀರು. ಮರುದಿನ ಸಂಜೆ ಅವರು ಚೀಲ ಕಟ್ಟುತ್ತಿದ್ದಾಗ ಬೆಂಗಳೂರಿನ ಸುದ್ದಿ ಬಂತು. ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳ ಹೊರಗೆ ಹನ್ನೊಂದು ಜನ ಸತ್ತಿದ್ದರು. ಒಬ್ಬ ಹುಡುಗನ ತಮ್ಮ ಅಲ್ಲಿಗೆ ಹೋಗಿದ್ದ. ಫೋನು ಹತ್ತಲೊಲ್ಲದು. ಕಟ್ಟಿದ ಚೀಲ ಅಲ್ಲೇ ಬಿಟ್ಟು ಎಲ್ಲರೂ ನೆಲದ ಮೇಲೆ ಕೂತೆವು. ರಾತ್ರಿ ಒಂಬತ್ತಕ್ಕೆ ಅವನೇ ಮಾತಾಡಿದ: "ಅಣ್ಣಾ, ಹೊರಗ ಬಂದೀನಿ."

ಪತ್ರಿಕೆಗಳು ಇದನ್ನು ಕಾಲ್ತುಳಿತ ಅಂದವು. ಕನ್ನಡ ಓದುವ ನಾವು ಈ ಮಾತನ್ನು ಸ್ವಲ್ಪ ಪರೀಕ್ಷಿಸಬೇಕು. ಒಂದು ಚದರ ಮೀಟರಿನಲ್ಲಿ ಇಬ್ಬರು ಮೂವರು ನಿಂತರೆ ಓಡಾಡಬಹುದು. ಐವರಾದರೆ ಅಪಾಯ ಶುರು. ಆರೇಳು ಜನರಾದರೆ ಗುಂಪು ನೀರಿನ ಹಾಗೆ ಅಲೆಯಲೆಯಾಗಿ ತೂಗುತ್ತದೆ. ನಮ್ಮ ಕಾಲು ನಮ್ಮ ಮಾತು ಕೇಳುವುದಿಲ್ಲ. ಇಂಥ ಕಡೆ ಹೆಚ್ಚಿನವರು ಸಾಯುವುದು ತುಳಿತದಿಂದಲ್ಲ. ಎದೆ ಅಮುಕಿ, ಉಸಿರಾಡಲಾಗದೆ, ಎಷ್ಟೋ ಸಲ ನಿಂತಲ್ಲೇ. ಹಿಂದಿನವನಿಗೆ ಮುಂದಿನವನ ಗತಿ ಕಾಣುವುದಿಲ್ಲ. "ಸ್ವಲ್ಪ ಸರೀರಿ" ಅಂತ ಅವನು ಕೊಡುವ ಸಣ್ಣ ನೂಕು ನೂರು ಮೈ ದಾಟಿ ಬಾಗಿಲಿನ ಹತ್ತಿರ ಭಾರವಾಗುತ್ತದೆ. ಕಾಲ್ತುಳಿತ ಅಂದರೆ ತಪ್ಪೆಲ್ಲ ಜನರ ಕಾಲಿನದೇ ಆಗಿಬಿಡುತ್ತದೆ. ಬಾಗಿಲು ಎಷ್ಟಿದ್ದವು, ಎಷ್ಟು ಅಗಲ, ಎಷ್ಟು ಜನರನ್ನು ಕರೆದಿದ್ದರು ಅನ್ನುವ ಪ್ರಶ್ನೆಗಳು ಮುಚ್ಚಿಹೋಗುತ್ತವೆ. ನನಗೆ ಕೇಳಿದರೆ ಅದು ಒತ್ತಡದ ಸಾವು.

ಈಗ ನಮ್ಮ ಮನೆಯ ನಿಯಮಗಳು ನಾಲ್ಕಾಗಿವೆ. ಕೂತಿರುವುದು ಒಂದು. ಒಳಗೆ ಹೋದಕೂಡಲೆ ಹೊರಬರುವ ದಾರಿ ನೋಡಿಟ್ಟುಕೊಳ್ಳುವುದು ಎರಡು. ತಪ್ಪಿಸಿಕೊಂಡರೆ ಸೇರುವ ಜಾಗವನ್ನು ಬಾಗಿಲಿನಿಂದ ದೂರ ಗೊತ್ತುಮಾಡುವುದು ಮೂರು. ನಾಲ್ಕನೆಯದು, ಸುತ್ತಲಿನವರ ಮೈ ಎಲ್ಲ ಕಡೆಯಿಂದಲೂ ತಾಗತೊಡಗಿದರೆ ಆಗಲೇ ಓರೆಯಾಗಿ ಅಂಚಿಗೆ ಸರಿಯುವುದು. ಸಿಕ್ಕಿಕೊಂಡರೆ ಎರಡೂ ಕೈ ಎದೆಯ ಮುಂದೆ ಮಡಚಿ ಉಸಿರಿಗೆ ಜಾಗ ಇಟ್ಟುಕೊಳ್ಳುವುದು.

ಅತಿಥಿಗಳಿಗೆ "ಲಗೂ ಬರ್ರಿ" ಅನ್ನುವುದು ನಮ್ಮ ಕಡೆಯ ರೂಢಿ. ನಾನು ಮಾತ್ರ ಆ ಹುಡುಗರಿಗೆ ಹೇಳುವುದು ಇಷ್ಟೇ: "ತಡಾ ಮಾಡಿ ಬರ್ರಿ. ಕದಾ ತೆಗೆದಿರ್ತೀನಿ."