ಘೋಷಣೆಯನ್ನೇ ಕೂಗದ ಬ್ಯಾಂಡ್‌ಗೆ ಜೈಲು ಯಾಕಾಯ್ತು?

ವಾಟ್ಸ್ಲಾಫ್ ಹಾವೆಲ್ ಅವರ ‘ಅಧಿಕಾರವಿಲ್ಲದವರ ಅಧಿಕಾರ’ ಪ್ರಬಂಧವನ್ನು ಮೊದಲ ಸಲ ಓದಿದಾಗ ನನ್ನ ತಲೆಯಲ್ಲಿ ಉಳಿದಿದ್ದು ಆ ತರಕಾರಿ ಅಂಗಡಿಯವನು ಮಾತ್ರ. ನಂಬಿಕೆಯಿಂದಲ್ಲ, ಸುಮ್ಮನೆ ತೊಂದರೆ ಬೇಡ ಅಂತ ಸರ್ಕಾರಿ ಘೋಷಣೆಯ ಬೋರ್ಡನ್ನು ಈರುಳ್ಳಿ, ಕ್ಯಾರೆಟ್ ನಡುವೆ ಇಟ್ಟುಕೊಂಡವನು. ಎಷ್ಟೋ ಸಲ ಎಷ್ಟೋ ಜನ ಉದಾಹರಿಸಿದ ಭಾಗ ಅದು. ಎರಡನೇ ಸಲ ಓದುವಾಗ ಕಣ್ಣಿಗೆ ಬಿದ್ದಿದ್ದು ಒಂದು ರಾಕ್ ಬ್ಯಾಂಡ್. ಜೆಕೊಸ್ಲೊವಾಕಿಯಾದ ಮಾನವ ಹಕ್ಕು ಚಳವಳಿ ‘ಚಾರ್ಟರ್ 77’ ಹುಟ್ಟಿದ್ದರ ಹಿಂದೆ ಆ ಬ್ಯಾಂಡಿನ ವಿಚಾರಣೆ ಇದೆ ಅಂತ ಹಾವೆಲ್ ಅಲ್ಲಿ ಬರೆಯುತ್ತಾರೆ. ಪುಸ್ತಕ ಮುಚ್ಚಿಟ್ಟು ಯೂಟ್ಯೂಬ್‌ನಲ್ಲಿ ಹುಡುಕಿದೆ. ನಿಜ ಹೇಳ್ತೀನಿ, ಮೊದಲ ಐದು ನಿಮಿಷ ಏನೂ ಹಿಡಿಸಲಿಲ್ಲ. ಕಿರುಚುವ ಸ್ಯಾಕ್ಸೊಫೋನ್, ಕೊರೆಯುವ ವಯೋಲಾ, ಮಂತ್ರ ಜಪಿಸಿದ ಹಾಗೆ ಒಂದೇ ದನಿಯಲ್ಲಿ ಹಾಡುವ ಗಂಡಸು. ಇದಕ್ಕೆ ಸರ್ಕಾರ ಯಾಕೆ ಹೆದರಬೇಕಿತ್ತು?

ಬ್ಯಾಂಡಿನ ಹೆಸರು ‘ದಿ ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್’. 1968ರ ಆಗಸ್ಟ್ 20ರ ರಾತ್ರಿ ಸೋವಿಯತ್ ನೇತೃತ್ವದ ಸೇನೆಗಳು ಗಡಿ ದಾಟಿ ನುಗ್ಗಿ, ಅಲೆಕ್ಸಾಂಡರ್ ದುಬ್ಚೆಕ್ ಅವರ ಸುಧಾರಣೆಗಳನ್ನು ಹೊಸಕಿ ಹಾಕಿದವಲ್ಲ, ಅದಾದ ಕೆಲವೇ ವಾರಗಳಲ್ಲಿ ಪ್ರಾಗ್‌ನಲ್ಲಿ ಇದು ಶುರುವಾಯ್ತು. ಕಟ್ಟಿದವನು ಮಿಲನ್ ಹ್ಲವ್ಸಾ ಅನ್ನೋ ಬಾಸ್ ಗಿಟಾರ್ ನುಡಿಸುವ 17ರ ಹುಡುಗ. ಹೆಸರನ್ನು ತಂದಿದ್ದು ಅಮೆರಿಕದ ಫ್ರಾಂಕ್ ಜಾಪಾ ಅವರ ಒಂದು ಹಾಡಿನಿಂದ. ಸ್ಫೂರ್ತಿ ಜಾಪಾ ಮತ್ತು ವೆಲ್ವೆಟ್ ಅಂಡರ್‌ಗ್ರೌಂಡ್. ಸಂಗೀತದ ಪಂಡಿತರು ಇದನ್ನು ಸೈಕೆಡೆಲಿಕ್ ಅನ್ನಬೇಕೋ ಪ್ರೊಗ್ರೆಸಿವ್ ರಾಕ್ ಅನ್ನಬೇಕೋ ಅಂತ ಜಗಳ ಆಡುತ್ತಾರೆ, ಆಡಲಿ. ಒಂದಿಡೀ ಆಲ್ಬಮ್ಮನ್ನೇ ಒಂದು ಕಥನವಾಗಿ ಕಟ್ಟೋದು, ರಾಕ್ ವಾದ್ಯಗಳ ಪಕ್ಕ ವಯೋಲಾ ಕೂರಿಸೋದು, ಕವಿಗಳನ್ನು ಹಾಡಿಗೆ ತರೋದು, ಇವೆಲ್ಲ ಪ್ರೊಗ್ರೆಸಿವ್ ರಾಕ್‌ನ ಹಟಗಳೇ.

ಇಲ್ಲಿ ಒಂದು ವಿಷಯ ಗೊತ್ತಿರಬೇಕು. ಆ ದೇಶದಲ್ಲಿ ವೇದಿಕೆ ಹತ್ತಿ ದುಡ್ಡು ಪಡೆಯಬೇಕಾದರೆ ಲೈಸೆನ್ಸ್ ಬೇಕಿತ್ತು. ಅದಕ್ಕಾಗಿ ಅಧಿಕಾರಿಗಳ ಮುಂದೆ ನುಡಿಸಿ ಪಾಸಾಗಬೇಕು. ಪಾಸಾದರೆ ವಾದ್ಯ, ಸಭಾಂಗಣ, ಸಂಬಳ ಎಲ್ಲಾ ವ್ಯವಸ್ಥೆಯಿಂದಲೇ. ದಾಳಿಯ ನಂತರದ ಕಾಲವನ್ನು ಸರ್ಕಾರ ‘ಸಹಜೀಕರಣ’ ಅಂತ ಕರೆಯಿತು. ಹೆಸರು ಎಷ್ಟು ಮೆತ್ತಗಿದೆ ನೋಡಿ! ಕೂದಲು ಕತ್ತರಿಸಿ, ಇಂಗ್ಲಿಷ್ ಹಾಡು ಬಿಡಿ, ಹೆಸರು ಬದಲಿಸಿ ಅಂತ ಬ್ಯಾಂಡ್‌ಗಳಿಗೆಲ್ಲ ಸೂಚನೆ ಬಂತು. ಬಹಳಷ್ಟು ಜನ ಒಪ್ಪಿಕೊಂಡರು, ಹೊಟ್ಟೆಪಾಡು. ಪ್ಲಾಸ್ಟಿಕ್ ಪೀಪಲ್ ಒಪ್ಪಲಿಲ್ಲ. 1970ರಲ್ಲಿ ಲೈಸೆನ್ಸ್ ಹೋಯ್ತು, ಅದರ ಜೊತೆ ವಾದ್ಯಗಳೂ ಹೋದವು.

ಆಮೇಲಿನದು ನನಗೆ ತುಂಬಾ ಇಷ್ಟವಾದ ಭಾಗ. ಬ್ಯಾಂಡಿಗೆ ಇವಾನ್ ಮಾರ್ಟಿನ್ ಯಿರೌಸ್ ಅನ್ನೋ ಕಲಾ ಇತಿಹಾಸಕಾರ ಮಾರ್ಗದರ್ಶಿಯಾಗಿದ್ದರು. ಅಡ್ಡಹೆಸರು ‘ಮಾಗೊರ್’, ಅಂದರೆ ತಲೆಕೆಟ್ಟವನು ಅಂತಲೇ. ಆ ಮನುಷ್ಯ ಏನು ಮಾಡಿದರು ಗೊತ್ತಾ? ಆ್ಯಂಡಿ ವಾರ್ಹಾಲ್ ಬಗ್ಗೆ ಉಪನ್ಯಾಸ ಅಂತ ಸಭಾಂಗಣ ಹಿಡಿದು, ಒಂದಿಷ್ಟು ಸ್ಲೈಡ್ ತೋರಿಸಿ, ಈಗ ಉದಾಹರಣೆಗೆ ಕೆಲವು ಹಾಡು ಅಂತ ಬ್ಯಾಂಡನ್ನು ವೇದಿಕೆಗೆ ಬಿಡುತ್ತಿದ್ದರು. ಅದೂ ನಿಂತ ಮೇಲೆ ಮದುವೆಮನೆ, ಹಳ್ಳಿಯ ಹೋಟೆಲು, ಗೆಳೆಯರ ತೋಟದ ಮನೆ. ಕಾರ್ಯಕ್ರಮ ಎಲ್ಲಿ ಅನ್ನೋದು ಬಾಯಿಂದ ಬಾಯಿಗೆ, ಅದೂ ಕೊನೇ ಗಳಿಗೆಯಲ್ಲಿ. 1974ರ ಮಾರ್ಚಿನಲ್ಲಿ ಚೆಸ್ಕೆ ಬುಡೆಯೊವಿಟ್ಸೆ ಊರಿನ ಹತ್ತಿರ ಕೇಳಲು ಬಂದ ಯುವಜನರನ್ನು ಪೊಲೀಸರು ಹಿಡಿದು ಮನಸೋ ಇಚ್ಛೆ ಬಡಿದರು.

ಯಿರೌಸ್ ಇದಕ್ಕೆ ಒಂದು ಸಿದ್ಧಾಂತವನ್ನೂ ಕೊಟ್ಟರು: ‘ಎರಡನೇ ಸಂಸ್ಕೃತಿ’. ಅಧಿಕೃತ ಸಂಸ್ಕೃತಿಯನ್ನು ಉರುಳಿಸೋದು ನಮ್ಮ ಕೆಲಸ ಅಲ್ಲ. ಅದರ ಅನುಮತಿ, ಅದರ ಬಹುಮಾನ, ಅದರ ಗುರುತಿಸುವಿಕೆ ಯಾವುದೂ ನಮಗೆ ಬೇಡ. ನಮ್ಮದನ್ನು ನಾವು ಮಾಡಿಕೊಳ್ತೇವೆ, ಇದು ಅದರ ಸಾರ. ಗಮನಿಸಿ, ಇದು ಪ್ರತಿಭಟನೆಯ ಭಾಷೆಯೇ ಅಲ್ಲ. ಬ್ಯಾಂಡ್ ಹಾಡುತ್ತಿದ್ದುದು ನಿಷೇಧಿತ ಕವಿ ಎಗೊನ್ ಬೊಂಡಿಯ ಪದ್ಯಗಳನ್ನು. ಅದರಲ್ಲಿ ಮಲಬದ್ಧತೆ ಬಗ್ಗೆಯೂ ಹಾಡಿದೆ, ಪಕ್ಷದ ಕಾರ್ಯದರ್ಶಿಯ ವಿರುದ್ಧ ಘೋಷಣೆ ಇಲ್ಲ. ನನ್ನ ಪ್ರಕಾರ ಸರ್ಕಾರಕ್ಕೆ ಉರಿದಿದ್ದು ಇಲ್ಲೇ. ಬೈಯುವವನ ಜೊತೆ ಮಾತುಕತೆ ಮಾಡಬಹುದು, ಹೆದರಿಸಬಹುದು, ಖರೀದಿಸಬಹುದು. ನಿನ್ನ ಹಂಗೇ ನನಗಿಲ್ಲ ಅನ್ನುವವನನ್ನು ಏನು ಮಾಡೋದು?

1976ರ ಫೆಬ್ರವರಿಯಲ್ಲಿ ಬೊಯಾನೊವಿಟ್ಸೆ ಎಂಬಲ್ಲಿ ಯಿರೌಸ್ ಮದುವೆ. ಮದುವೆ ಹೆಸರಲ್ಲಿ ಎರಡನೇ ಸಂಸ್ಕೃತಿಯ ಹಬ್ಬ. ಮುಂದಿನ ತಿಂಗಳು ಪೊಲೀಸರು ಹತ್ತೊಂಬತ್ತು-ಇಪ್ಪತ್ತು ಜನರನ್ನು ಎತ್ತಾಕಿಕೊಂಡು ಹೋದರು. ಸೆಪ್ಟೆಂಬರಿನಲ್ಲಿ ಪ್ರಾಗ್‌ನ ಕಟಕಟೆಯಲ್ಲಿ ನಿಂತದ್ದು ನಾಲ್ವರು. ಆರೋಪ: ಪುಂಡಾಟಿಕೆ. ಸಾಕ್ಷ್ಯ: ಹಾಡಿನಲ್ಲಿರುವ ಅಶ್ಲೀಲ ಪದಗಳು. ಯಿರೌಸ್‌ಗೆ 18 ತಿಂಗಳು, ‘ಡಿಜಿ 307’ ಬ್ಯಾಂಡಿನ ಪಾವೆಲ್ ಜಾಯಿಚೆಕ್‌ಗೆ 12, ಸ್ಯಾಕ್ಸೊಫೋನ್ ನುಡಿಸುತ್ತಿದ್ದ ವ್ರಾಟಿಸ್ಲಾಫ್ ಬ್ರಾಬೆನೆಟ್ಸ್‌ಗೂ ಹಾಡುಗಾರ ಪಾದ್ರಿ ಸ್ವಾಟೊಪ್ಲುಕ್ ಕರಾಸೆಕ್‌ಗೂ ತಲಾ 8. ನಾಲ್ವರಲ್ಲಿ ಪ್ಲಾಸ್ಟಿಕ್ ಪೀಪಲ್‌ನ ವಾದಕ ಒಬ್ಬರೇ!

ಸರ್ಕಾರದ ಲೆಕ್ಕ ಸರಳ ಇತ್ತು. ಉದ್ದ ಕೂದಲಿನ ಕುಡುಕ ಹುಡುಗರ ಪರ ಯಾವ ಮರ್ಯಾದಸ್ಥ ಬಾಯಿ ಬಿಡ್ತಾನೆ? ಲೆಕ್ಕ ತಪ್ಪಿತು. ಬಂಧನಗಳಿಗೆ ಸ್ವಲ್ಪ ಮುಂಚೆಯಷ್ಟೇ ಹಾವೆಲ್ ಯಿರೌಸ್‌ರನ್ನು ಭೇಟಿಯಾಗಿ, ಆ ಕರ್ಕಶ ಟೇಪುಗಳನ್ನು ಕೇಳಿದ್ದರು. ಇದು ರಾಜಕೀಯ ವಿರೋಧಿಗಳ ಮೇಲಿನ ದಾಳಿಯಲ್ಲ, ತಮ್ಮಿಷ್ಟದಂತೆ ಬದುಕಬೇಕು ಅನ್ನುವವರ ಮೇಲಿನ ದಾಳಿ, ಇವತ್ತು ಇವರು, ನಾಳೆ ಯಾರಾದರೂ ಆಗಬಹುದು ಅಂತ ಅವರು ಒಬ್ಬೊಬ್ಬರಿಗೂ ಬಿಡಿಸಿ ಹೇಳಬೇಕಾಯ್ತು. 1976ರ ಆಗಸ್ಟಿನಲ್ಲಿ ಕವಿ ಯಾರೊಸ್ಲಾಫ್ ಸೈಫರ್ಟ್, ಹಾವೆಲ್, 69 ವರ್ಷದ ತತ್ವಜ್ಞಾನಿ ಯಾನ್ ಪಾಟೊಚ್ಕಾ ಮುಂತಾದವರು ಸೇರಿ ಜರ್ಮನ್ ಲೇಖಕ ಹೈನ್ರಿಕ್ ಬಾಲ್‌ಗೆ ಬಹಿರಂಗ ಪತ್ರ ಬರೆದರು. ವಿಚಾರಣೆ ದಿನ ಕೋರ್ಟಿನ ಕಾರಿಡಾರಿನಲ್ಲಿ ಉದ್ದ ಕೂದಲಿನವರೂ ಪ್ರೊಫೆಸರುಗಳೂ ಅಕ್ಕಪಕ್ಕ ನಿಂತರು. ಪಾಟೊಚ್ಕಾರಂಥವರು ಈ ಸಂಗೀತವನ್ನು ಕೂತು ಆಸ್ವಾದಿಸಿದರು ಅಂತ ನನಗಂತೂ ಅನಿಸಲ್ಲ. ಅದು ಬೇಕಾಗಿಯೂ ಇರಲಿಲ್ಲ.

ಆ ಕಾರಿಡಾರಿನ ಪರಿಚಯಗಳೇ ಮೂರ್ನಾಲ್ಕು ತಿಂಗಳಲ್ಲಿ ಚಾರ್ಟರ್ 77 ಆಯ್ತು. 1977ರ ಜನವರಿಯಲ್ಲಿ ಹೊರಬಂದಾಗ 240ಕ್ಕೂ ಹೆಚ್ಚು ಸಹಿಗಳಿದ್ದವು. ಬೇಡಿಕೆ ಏನು? ಹೊಸ ಕಾನೂನಲ್ಲ, ಕ್ರಾಂತಿಯೂ ಅಲ್ಲ. ಮಾನವ ಹಕ್ಕುಗಳ ಅಂತಾರಾಷ್ಟ್ರೀಯ ಒಪ್ಪಂದಗಳಿಗೆ ಸರ್ಕಾರವೇ ಸಹಿ ಹಾಕಿತ್ತು, 1976ರ ಅಕ್ಟೋಬರಿನಲ್ಲಿ ತನ್ನದೇ ಗೆಜೆಟ್‌ನಲ್ಲಿ ಅಚ್ಚು ಹಾಕಿಸಿತ್ತು. ಅದನ್ನು ಪಾಲಿಸಿ ಸ್ವಾಮಿ ಅಂದರು, ಅಷ್ಟೇ. ಅದಕ್ಕೆ ತೆತ್ತ ಬೆಲೆ ದೊಡ್ಡದು. ದೀರ್ಘ ಪೊಲೀಸ್ ವಿಚಾರಣೆಗಳ ಬೆನ್ನಿಗೇ, ಮಾರ್ಚ್ 13ರಂದು ಪಾಟೊಚ್ಕಾ ತೀರಿಕೊಂಡರು. ಹಾವೆಲ್ ಹಲವು ಸಲ ಜೈಲಿಗೆ ಹೋದರು. ಯಿರೌಸ್ ಜೀವಮಾನದಲ್ಲಿ ಒಟ್ಟು ಎಂಟು ವರ್ಷಕ್ಕೂ ಹೆಚ್ಚು ಒಳಗಿದ್ದರು. ಬ್ರಾಬೆನೆಟ್ಸ್ ಪೊಲೀಸರ ಕಾಟ ತಾಳಲಾರದೆ ಕೆನಡಾಗೆ ಹೋಗಬೇಕಾಯ್ತು. ಬ್ಯಾಂಡ್ ಮಾತ್ರ ನುಡಿಸುತ್ತಲೇ ಇತ್ತು. ಏಸುವಿನ ಕೊನೆಯ ದಿನಗಳ ಕಥೆಯ ಆಲ್ಬಮ್ಮನ್ನು 1978ರಲ್ಲಿ ಹಾವೆಲ್ ಅವರ ಹಳ್ಳಿಮನೆಯಲ್ಲೇ ರೆಕಾರ್ಡ್ ಮಾಡಿತು.

1989ರ ‘ವೆಲ್ವೆಟ್ ಕ್ರಾಂತಿ’ಗೆ ಆ ಹೆಸರು ಬಂದಿದ್ದು ವೆಲ್ವೆಟ್ ಅಂಡರ್‌ಗ್ರೌಂಡ್ ಬ್ಯಾಂಡಿನಿಂದ ಅಂತ ಒಂದು ಕತೆ ಓಡಾಡುತ್ತೆ. ಕೇಳೋಕೆ ಚೆಂದ, ಆದರೆ ನಂಬಬೇಡಿ. ರಕ್ತ ಹರಿಯದೆ ನವಿರಾಗಿ ಆಯ್ತು ಅನ್ನೋದಕ್ಕೆ ಆ ಹೆಸರು.

ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ಸಂಗತಿ. ಜೈಲು, ಗಡೀಪಾರು ಎಲ್ಲವನ್ನೂ ತಾಳಿಕೊಂಡ ಬ್ಯಾಂಡ್ ಒಡೆದು ಹೋಗಿದ್ದು 1988ರಲ್ಲಿ, ಬಿಗಿ ಸ್ವಲ್ಪ ಸಡಿಲವಾಗುತ್ತಿದ್ದ ಹೊತ್ತಲ್ಲಿ. ಅಧಿಕಾರಿಗಳ ಜೊತೆ ರಾಜಿಯಾಗಿ ಬಹಿರಂಗವಾಗಿ ನುಡಿಸಬೇಕೋ ಬೇಡವೋ ಅನ್ನೋ ಜಗಳಕ್ಕೆ. ಹ್ಲವ್ಸಾ ಬೇರೆ ಬ್ಯಾಂಡ್ ಕಟ್ಟಿಕೊಂಡು 1989ರಲ್ಲಿ ಅಮೆರಿಕ ಸುತ್ತಿ ಬಂದರು. ಅದೇ ವರ್ಷದ ಕೊನೆಯಲ್ಲಿ ಹಾವೆಲ್ ರಾಷ್ಟ್ರಾಧ್ಯಕ್ಷರಾದರು. 1997ರಲ್ಲಿ ಚಾರ್ಟರ್‌ಗೆ ಇಪ್ಪತ್ತು ವರ್ಷ ತುಂಬಿದಾಗ ಹಾವೆಲ್ ಹಳಬರನ್ನು ಮತ್ತೆ ಸೇರಿಸಿದರು. ಕಾರ್ಯಕ್ರಮ ನಡೆದಿದ್ದು ಪ್ರಾಗ್ ಕೋಟೆಯಲ್ಲಿ, ಅಂದರೆ ರಾಷ್ಟ್ರಾಧ್ಯಕ್ಷರ ಕಚೇರಿ ಇರುವ ಜಾಗದಲ್ಲಿ. ಲೈಸೆನ್ಸ್ ಯಾರೂ ಕೇಳಲಿಲ್ಲ.