ಬೆಳ್ಳಿಯ ಕಪ್ಪು ಮತ್ತು ಸವಕಳಿ

ಊರು ಬಿಟ್ಟು ಮುಂಬಯಿಯಲ್ಲಿ ನೆಲೆಸಿದ ನಮ್ಮವರ ಮನೆಗಳಲ್ಲಿ ಚಿನ್ನ ಇರಲಿ ಬಿಡಲಿ, ಒಂದಿಷ್ಟು ಬೆಳ್ಳಿ ಇದ್ದೇ ಇರುತ್ತದೆ. ಅಜ್ಜಿಯ ಡಾಬು, ಕಾಲುಂಗುರ, ಮಗುವಿನ ಉಡಿದಾರ, ಹಾಲು ಕುಡಿಸಿದ ಒಳಲೆ ಮೊದಲಾದವು ಲಾಕರಿನಲ್ಲಿಯೋ ಕಪಾಟಿನಲ್ಲಿಯೋ ವರ್ಷಗಟ್ಟಲೆ ಮಲಗಿರುತ್ತವೆ. ವರಮಹಾಲಕ್ಷ್ಮಿ ವ್ರತಕ್ಕೆಂದು ಗಂಟು ಬಿಚ್ಚಿದಾಗ ಎಲ್ಲವೂ ಕಪ್ಪಿಟ್ಟಿರುವುದನ್ನು ಕಂಡು, ಅಕ್ಕಸಾಲಿಗ ಮೋಸ ಮಾಡಿದನೆಂದು ನೊಂದುಕೊಳ್ಳುವವರುಂಟು. ಈ ಆರೋಪಕ್ಕೆ ಬಹುಮಟ್ಟಿಗೆ ಆಧಾರವಿಲ್ಲ.

ಬೆಳ್ಳಿಯ ವೈರಿ ಗಂಧಕ. ಗಾಳಿಯಲ್ಲಿ ಅತ್ಯಲ್ಪ ಪ್ರಮಾಣದಲ್ಲಿರುವ ಗಂಧಕದ ಅನಿಲಗಳು ಬೆಳ್ಳಿಯ ಮೇಲ್ಮೈಯೊಡನೆ ಕೂಡಿ ಸಿಲ್ವರ್ ಸಲ್ಫೈಡ್ ಎಂಬ ಕಪ್ಪು ಪೊರೆಯಾಗುತ್ತದೆ. ತೇವವಿದ್ದಲ್ಲಿ ಈ ಕ್ರಿಯೆ ತೀವ್ರವಾಗುವುದರಿಂದ ಮುಂಬಯಿಯ ಮಳೆಗಾಲ ಬೆಳ್ಳಿಗೆ ಒಳ್ಳೆಯ ಕಾಲವಲ್ಲ. ಅಪ್ಪಟ ಬೆಳ್ಳಿಯೂ ಕಪ್ಪಾಗುತ್ತದೆ. ಗಟ್ಟಿತನಕ್ಕೆಂದು ನೂರರಲ್ಲಿ 7.5 ಭಾಗ ತಾಮ್ರ ಬೆರೆಸಿದ, 925ರ ಮುದ್ರೆಯುಳ್ಳ ಸ್ಟರ್ಲಿಂಗ್ ಬೆಳ್ಳಿಯೂ ಕಪ್ಪಾಗುತ್ತದೆ.

ನಿಜವಾದ ನಷ್ಟವಾಗುವುದು ಕಪ್ಪಿನಿಂದಲ್ಲ, ಅದನ್ನು ತೆಗೆಯುವ ರೀತಿಯಿಂದ. ಆ ಪೊರೆಯೊಳಗೂ ಬೆಳ್ಳಿಯಿದೆ. ರಂಗೋಲಿ ಪುಡಿ, ಹಲ್ಲುಜ್ಜುವ ಪೇಸ್ಟುಗಳಿಂದ ತಿಕ್ಕಿದಾಗ ಆ ಬೆಳ್ಳಿಯೂ ಅದರ ಕೆಳಗಿನ ನುಣುಪೂ ಕೂಡಿಯೇ ಹೋಗುತ್ತವೆ. ಲೆಕ್ಕಪತ್ರಗಳಲ್ಲಿ ನಾವು ಯಂತ್ರಗಳಿಗೆ ಹಾಕುವ 'ಸವಕಳಿ' ಇಲ್ಲಿ ಅಕ್ಷರಶಃ ಸತ್ಯ. ಹಳೆಯ ಡಾಬಿನ ಮೇಲಿನ ನವಿಲು ಮುಖವಿಲ್ಲದ ಹಕ್ಕಿಯಾಗಿರುವುದು ಇಂಥ ತಿಕ್ಕಾಟದಿಂದಲೇ.

ಬೆಳ್ಳಿಯನ್ನು ಕಳೆಯದೆ ಕಪ್ಪು ತೆಗೆಯುವ ಉಪಾಯವೊಂದುಂಟು. ಅಡಿಗೆಗೆ ಬಳಸದ ಪಾತ್ರೆಯೊಂದರ ತಳಕ್ಕೆ ಅಲ್ಯೂಮಿನಿಯಂ ಹಾಳೆ ಹಾಸಿ, ಒಡವೆಗಳು ಹಾಳೆಗೆ ತಾಗುವಂತೆ ಇಟ್ಟು, ಲೀಟರ್ ಬಿಸಿನೀರಿಗೆ ಎರಡು ದೊಡ್ಡ ಚಮಚ ಅಡಿಗೆ ಸೋಡ ಬೆರೆಸಿ ಸುರಿಯಬೇಕು. ಗಂಧಕವು ಬೆಳ್ಳಿಯನ್ನು ಬಿಡುತ್ತದೆ, ಬೆಳ್ಳಿ ತನ್ನ ಸ್ಥಾನದಲ್ಲಿಯೇ ಉಳಿಯುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಬರಿ ಬೇಡ, ಕಿಟಕಿ ತೆರೆದಿರಲಿ. ಕೆಲವು ನಿಮಿಷಗಳ ನಂತರ ತೊಳೆದು, ಮೆತ್ತನೆಯ ಹತ್ತಿಬಟ್ಟೆಯಿಂದ ಪೂರ್ಣ ಒರಸತಕ್ಕದ್ದು. ಆದರೆ ಹರಳು, ಮುತ್ತು ಕೂಡಿಸಿದವು, ಒಳಗೆ ಅರಗು ತುಂಬಿದವು, ಚಿತ್ತಾರ ಎದ್ದು ಕಾಣಲೆಂದು ಬೇಕೆಂದೇ ಕಪ್ಪು ಮಾಡಿಸಿದವು ಈ ಸ್ನಾನಕ್ಕೆ ಯೋಗ್ಯವಲ್ಲ. ಅವುಗಳಿಗೆ ಒಣ ಬಟ್ಟೆಯೇ ಸಾಕು.

ಇಡುವ ಕ್ರಮದಲ್ಲಿ ನಮ್ಮವರು ಮಾಡುವ ದೊಡ್ಡ ತಪ್ಪು ರಬ್ಬರ್ ಬ್ಯಾಂಡು. ರಬ್ಬರಿನಲ್ಲಿ ಗಂಧಕವಿದೆ, ಅದು ಸುತ್ತಿದ ಜಾಗದಲ್ಲಿ ಕಪ್ಪು ಗೆರೆ ಮೂಡುತ್ತದೆ. ಉಣ್ಣೆಯ ಬಟ್ಟೆಯೂ ಸಲ್ಲದು. ಗಂಜಿಯಿಲ್ಲದ ಹಳೆಯ ಹತ್ತಿಬಟ್ಟೆಯಲ್ಲಿ ಒಂದೊಂದನ್ನೂ ಬೇರೆಬೇರೆ ಸುತ್ತಿ, ಪಾಲಿಥಿನ್ ಚೀಲದಲ್ಲಿ ಗಾಳಿ ಹೊರಡಿಸಿ ಕಟ್ಟಿಡಬೇಕು. ನಿತ್ಯ ಧರಿಸುವ ಒಡವೆ ಮೈಗೂ ಬಟ್ಟೆಗೂ ಉಜ್ಜಿ ತಾನಾಗಿ ಹೊಳೆಯುತ್ತಿರುತ್ತದೆ. ಹೆಣ್ಣುಮಕ್ಕಳು ಮೆಚ್ಚುವ, ಪುಟ್ಟ ಪದಕಗಳು ತೂಗುವ ಕೈಸರಪಳಿಯಲ್ಲಿ ಮಾತ್ರ ಕೊಂಡಿಗಳು ಒಂದಕ್ಕೊಂದು ಉಜ್ಜಿ ಸವೆಯುವುದರಿಂದ ಆಗಾಗ ಪರೀಕ್ಷಿಸುವುದು ಒಳ್ಳೆಯದು.

ಆರೋಗ್ಯದ ಮಾತೊಂದು. ಜರ್ಮನ್ ಸಿಲ್ವರ್ ಎಂಬುದರಲ್ಲಿ ಬೆಳ್ಳಿಯೇ ಇಲ್ಲ. ಅದು ತಾಮ್ರ, ನಿಕ್ಕಲ್, ಸತುವುಗಳ ಮಿಶ್ರಣ. ನಿಕ್ಕಲ್ ಒಗ್ಗದವರಿಗೆ ಅದರಿಂದ ತುರಿಕೆ, ಗುಳ್ಳೆ ಆಗಬಹುದು. ಕೊಳ್ಳುವಾಗ, ಬೆಳ್ಳಿಗೂ 2005ರಲ್ಲಿ ಜಾರಿಗೆ ಬಂದ ಹಾಲ್‌ಮಾರ್ಕ್ ಇದೆಯೇ ಎಂದು ನೋಡುವುದು ಲೇಸು.

ಮನೆಬಾಗಿಲಿಗೆ ಬಂದು ಕ್ಷಣದಲ್ಲಿ ಹೊಳಪು ತರಿಸುವವರನ್ನು ಮಾತ್ರ ದೂರವಿಡಬೇಕು. ನೈಟ್ರಿಕ್ ಆಮ್ಲದಲ್ಲಿ ಬೆಳ್ಳಿ ಕರಗುತ್ತದೆ. ಕರಗಿದ್ದು ಅವರ ಪಾತ್ರೆಯಲ್ಲಿ ಉಳಿಯುತ್ತದೆ. ಅಂಗಡಿಗೆ ಕೊಡುವುದಾದರೂ ಮೊದಲು ತೂಕ ಮಾಡಿಸಿ, ಗ್ರಾಮುಗಳಲ್ಲಿ ಚೀಟಿ ಬರೆಸಿಕೊಂಡು, ಮರಳಿ ಪಡೆಯುವಾಗ ಎದುರಿನಲ್ಲಿಯೇ ಮತ್ತೆ ತೂಗಿಸಬೇಕು.